ಟಿಇಟಿ ಬಗ್ಗೆಯೂ ಬಾಯಿ ಬಿಡಲಿ

ಮಾನ್ಯರೇ,

ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಅಭ್ಯರ್ಥಿಗಳ ಕರಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಫೋಟೊ ಬಿಟ್ಟು ಮಿಕ್ಕಿದ್ದೆಲ್ಲ ಒಂದೇ. ಹಳೇ ಪಿಂಚಣಿ, ವರ್ಗಾವಣೆ, ಖಾಲಿ ಹುದ್ದೆ. ಬೇಡ ಅನ್ನುವವರು ಯಾರು? ಆದರೆ ಪಾಠ ಮಾಡುವವರ ಅರ್ಹತೆಯ ಮಾತು ಬಂದರೆ ಎಲ್ಲರೂ ಗಪ್‌ಚುಪ್.

2025ರ ಸೆಪ್ಟೆಂಬರ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ನಿವೃತ್ತಿಗೆ 5 ವರ್ಷಕ್ಕಿಂತ ಜಾಸ್ತಿ ಇರುವ 1ರಿಂದ 8ನೇ ತರಗತಿ ಶಿಕ್ಷಕರು 2 ವರ್ಷದೊಳಗೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಪಾಸಾಗಬೇಕು. ತಲೆ ನರೆತವರೂ ಈಗ ಮಕ್ಕಳ ಹೋಂವರ್ಕ್ ತಿದ್ದಿ, ರಾತ್ರಿ ಗೈಡ್ ಹಿಡಿದು ಕೂರುತ್ತಿದ್ದಾರೆ. ಇವರಿಗೆ ವಿನಾಯಿತಿ ಕೇಳುತ್ತೀರಾ, ತರಬೇತಿ ಕೊಡಿಸುತ್ತೀರಾ ಎಂದು ಪ್ರಚಾರಕ್ಕೆ ಬಂದ ಒಬ್ಬರನ್ನು ಕೇಳಿದೆ. ‘ನೋಡೋಣ ಮೇಡಂ’ ಅಂದರು!

ಪ್ರಾಥಮಿಕ ಶಾಲೆಯವರಿಗೆ ಈ ಕ್ಷೇತ್ರದಲ್ಲಿ ಮತವೇ ಇಲ್ಲ, ಪ್ರೌಢಶಾಲೆ ಮತ್ತು ಮೇಲಿನವರಿಗಷ್ಟೇ. ಮೌನಕ್ಕೆ ಕಾರಣ ಅದೇ ಇರಬೇಕು, ಅಲ್ವಾ? ಅಭ್ಯರ್ಥಿ ಸ್ವತಃ ಶಿಕ್ಷಕರಾಗಿರಬೇಕೆಂಬ ನಿಯಮವೂ ಇಲ್ಲ ಬಿಡಿ. ಸುಖದೇವ್ ಥೋರಟ್ ಆಯೋಗದ ರಾಜ್ಯ ಶಿಕ್ಷಣ ನೀತಿ ವರದಿಯನ್ನು ಇವರಲ್ಲಿ ಎಷ್ಟು ಮಂದಿ ತಿರುವಿ ಹಾಕಿದ್ದಾರೋ!

ನಿಮ್ಮ ಪತ್ರಿಕೆಯಾದರೂ ಎಲ್ಲ ಅಭ್ಯರ್ಥಿಗಳಿಗೂ ಈ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಒಂದೇ ಪುಟದಲ್ಲಿ ಅಚ್ಚು ಹಾಕಲಿ.

– ಪ್ರೌಢಶಾಲಾ ಶಿಕ್ಷಕಿ