ಅಪ್ಪನಿಗೆ: ಶೀರ್ಷಾಸನ ಸದ್ಯಕ್ಕೆ ಬೇಡ

ತೀರ್ಥರೂಪರಾದ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ಅಮ್ಮನ ಕಾಗದ ನಿನ್ನೆ ಬಂತು. ಬೇರೆ ವಿಷಯ ಆಮೇಲೆ. ದಿನಾ ಬೆಳಿಗ್ಗೆ ಐದು ನಿಮಿಷ ಶೀರ್ಷಾಸನ ಮಾಡುತ್ತಿದ್ದೀರಂತೆ, ಇಳಿದ ಮೇಲೆ ಎಡಗೈಯ ಎರಡು ಬೆರಳು ಜುಮ್ಮೆನ್ನುತ್ತವಂತೆ. ಬಿಪಿ ಮಾತ್ರೆ ಬೇರೆ ನಡೆಯುತ್ತಿದೆ. ಅಪ್ಪ, ಈ ಕಾಗದ ಕೈಸೇರಿದ ದಿನದಿಂದಲೇ ಅದನ್ನು ನಿಲ್ಲಿಸಿ. ಗಾಬರಿ ಬೀಳುವಂಥದ್ದು ಏನೂ ಇಲ್ಲ. ಆದರೆ ಬೆರಳು ಜುಮ್ಮೆನ್ನುವುದು ಬರೀ ಮೈಕೈ ನೋವಿನ ಲೆಕ್ಕವಲ್ಲ. ಕುತ್ತಿಗೆಯಲ್ಲಿ ನರ ಒತ್ತಿಕೊಂಡರೆ ಹಾಗಾಗುತ್ತದೆ. ಮೊದಲು ಡಾಕ್ಟರಿಗೆ ತೋರಿಸಿ. ಕಣ್ಣಿನ ಒತ್ತಡವನ್ನೂ ನೋಡಿಸಿಬಿಡಿ. ತಲೆಕೆಳಗಾದಾಗ ಅದು ಏರುತ್ತದೆ, ಗ್ಲಾಕೋಮಾ ಅನ್ನುವ ಕಣ್ಣಿನ ನರದ ಕಾಯಿಲೆ ಇದ್ದವರಿಗೆ ಅಪಾಯ.

"ಇಪ್ಪತ್ತು ವರ್ಷದಿಂದ ಮಾಡ್ತಿದ್ದೀನಿ, ಈಗ ಮತ್ತೆ ಅ ಆ ಇ ಈ ಕಲೀಬೇಕಾ?" ಅಂದಿರಂತೆ. ಹೌದಪ್ಪ, ಕಲಿಯಬೇಕು. ಇಪ್ಪತ್ತು ವರ್ಷದ ಹಿಂದಿನ ಕುತ್ತಿಗೆ ಈಗ ಇಲ್ಲ. ಎಲ್ಲಿ ತಪ್ಪುತ್ತದೆ ಅಂದರೆ, ಬೆರಳು ಹೆಣೆದು ಕೂತಾಗ ಮೊಣಕೈ ಭುಜದಷ್ಟೇ ಅಗಲಕ್ಕಿರಬೇಕು. ಅದು ಅರ್ಧ ಗೇಣು ಹೊರಗೆ ಜಾರಿದರೆ ಸಾಕು, ಭುಜ ಕಿವಿಯ ಕಡೆ ಕುಸಿಯುತ್ತದೆ. ಮುಂಗೈ ಹೊರಬೇಕಾದ ಭಾರವೆಲ್ಲ ನೆತ್ತಿಯ ಮೇಲೆ, ಅಲ್ಲಿಂದ ಕುತ್ತಿಗೆಯ ಮೇಲೆ ಬೀಳುತ್ತದೆ. ಗೋಡೆಗೆ ಕಾಲು ಎಗರಿಸಿ ಏರುವವರಿಗಂತೂ ಏರುವಾಗಲೇ ಜಗ್ಗು ಬಿದ್ದಿರುತ್ತದೆ. ಅಭ್ಯಾಸವಾದವರಿಗೆ ಇದು ಗೊತ್ತಾಗುವುದೇ ಇಲ್ಲ, ಯಾಕೆಂದರೆ ಗಮನವೆಲ್ಲ ಎಷ್ಟು ನಿಮಿಷ ಆಯಿತು ಅನ್ನುವುದರ ಮೇಲೆ. ಹೊಸಬರು ಮೊಣಕೈ ನೋಡಿಕೊಳ್ಳುತ್ತಾರೆ.

ಡಾಕ್ಟರು ಸರಿ ಅಂದ ಮೇಲೆ ಎರಡೇ ಎರಡು ಮಾಡಿ. ಒಂದು, ಗೋಡೆಯ ಮುಂದೆ ನಿಂತು ಸೊಂಟದ ಎತ್ತರಕ್ಕೆ ಅಂಗೈ ಊರಿ, ಬೆನ್ನು ನೆಲಕ್ಕೆ ಸಮಾನಾಂತರವಾಗುವವರೆಗೆ ಹಿಂದಕ್ಕೆ ಹೆಜ್ಜೆ ಇಡಿ. ಕಿವಿ ತೋಳಿನ ನೇರಕ್ಕಿರಲಿ, ತಲೆ ಜೋತುಬೀಳಬಾರದು. ಬೆನ್ನು ಗೂನಾದರೆ ಮಂಡಿ ಸ್ವಲ್ಪ ಬಗ್ಗಿಸಿ. ಮಂಡಿ ನೇರ ಮಾಡುವ ಹಠಕ್ಕೆ ಬೆನ್ನು ಬಲಿಯಾಗುವುದು ಬೇಡ. ಐದು ಉಸಿರು ಸಾಕು. ಇನ್ನೊಂದು, ಅಂಗಾತ ಮಲಗಿ ಕಾಲಿನ ಮೀನಖಂಡಗಳನ್ನು ಕುರ್ಚಿಯ ಮೇಲಿಡಿ. ಗದ್ದ ಹಣೆಗಿಂತ ಮೇಲೆದ್ದಿದ್ದರೆ ತಲೆಯ ಕೆಳಗೆ ಮಡಿಸಿದ ಹೊದಿಕೆ ಬೇಕು ಅಂತ ಅರ್ಥ. ಹತ್ತು ನಿಮಿಷ. ಏಳುವಾಗ ದಡಕ್ಕನೆ ಏಳಬೇಡಿ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ತಲೆ ಸುತ್ತುತ್ತದೆ. ಬಲಕ್ಕೆ ಹೊರಳಿ, ಕೈಯೂರಿ, ತಲೆಯನ್ನು ಕೊನೆಗೆ ಎತ್ತಿ.

ರಭಸದಿಂದ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟಿ ಹಿಡಿಯುವ ಕುಂಭಕ ಸದ್ಯಕ್ಕೆ ಮೂರೂ ಬೇಡ.

ಮೂಗಿನಲ್ಲಿ ಉಸಿರು ಸಲೀಸಾಗಿ ಓಡುತ್ತಿದೆಯೇ ನೋಡಿಕೊಳ್ಳಿ. ಬಿಗಿ ಹಿಡಿದರೆ ಒಂದು ಹೆಜ್ಜೆ ಹಿಂದೆ ಬನ್ನಿ. ಸ್ನಾಯುವಿನ ನಡುವೆ ಎಳೆತ ಬಂದರೆ ಇರಲಿ, ಕೀಲಿನಲ್ಲಿ ಚುಚ್ಚಿದರೆ ಅಲ್ಲಿಗೇ ನಿಲ್ಲಿಸಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಆಸನ, ಎಷ್ಟು ಉಸಿರು, ಎಡಕ್ಕೂ ಬಲಕ್ಕೂ ಏನು ವ್ಯತ್ಯಾಸ, ಮಾರನೇ ದಿನ ಮೈ ಹೇಗಿತ್ತು ಅಂತ ಬರೆದಿಡಿ. ವಾರಕ್ಕೆ ಒಂದೇ ವಿಷಯ ಹಿಡಿಯಿರಿ. ಈ ವಾರ ಬರೀ ಭುಜ ಅಂದರೆ ಭುಜ.

ಇಲ್ಲಿ ವಿದೇಶದಲ್ಲಿ ಎಪ್ಪತ್ತು ದಾಟಿದವರೂ ಆರಂಭಿಕರ ಯೋಗ ತರಗತಿಗೆ ಬಂದು ಮುಂದಿನ ಸಾಲಿನಲ್ಲೇ ಕೂರುತ್ತಾರೆ. ನಾಲಿಗೆ ಹೊರಳದಿದ್ದರೂ "ಪಶ್ಚಿಮೋತ್ತಾನಾಸನ" ಅಂತ ಪೂರ್ತಿ ಸಂಸ್ಕೃತದಲ್ಲೇ ಹೇಳುತ್ತಾರೆ, ಕೇಳುವುದಕ್ಕೆ ಚೆಂದ. ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಆ ಆಸನದಲ್ಲಿ ಬೆನ್ನು ಬಗ್ಗದಿದ್ದರೆ ಎರಡು ಮೂರು ಇಂಚಿನ ಹೊದಿಕೆ ಮಡಿಸಿ ಅದರ ಅಂಚಿನ ಮೇಲೆ ಕೂತು, ಪಾದಕ್ಕೆ ಬೆಲ್ಟ್ ಹಾಕಿ ಹಿಡಿಯುತ್ತಾರೆ. ಸೊಂಟ ಹಿಂದಕ್ಕೆ ವಾಲುವುದು ತಪ್ಪಿ, ಬಾಗು ತೊಡೆಯ ಸಂದಿನಿಂದ ಬರುತ್ತದೆ. ಮರದ ಇಟ್ಟಿಗೆ, ಬೆಲ್ಟ್, ಕುರ್ಚಿ ಇವೆಲ್ಲ ವಿದೇಶಿ ಶೋಕಿ ಅಂದಿರಂತೆ. ಇವನ್ನು ಜಗತ್ತಿಗೆಲ್ಲ ರೂಢಿ ಮಾಡಿಸಿದವರು 1918ರಲ್ಲಿ ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್, ಅಪ್ಪ. ಇಲ್ಲಿಯವರು ನಮ್ಮಿಂದ ಕಲಿತಿದ್ದು.

ಅಭ್ಯಾಸ ಗಟ್ಟಿಯಾಗುವುದಕ್ಕೆ ಯೋಗಸೂತ್ರದಲ್ಲಿ ಪತಂಜಲಿ ಹೇಳಿದ್ದು ದೀರ್ಘಕಾಲ, ನೈರಂತರ್ಯ, ಸತ್ಕಾರ. ಮೊದಲ ಎರಡು ನಿಮ್ಮಲ್ಲಿ ಬೇಕಾದಷ್ಟಿವೆ. ಸತ್ಕಾರ ಅಂದರೆ ಆದರ. ಅದನ್ನು ಆ ಎಡ ಭುಜಕ್ಕೂ ತೋರಿಸಿ.

ನಿಜವಾಗಿ ಚಿಂತೆ ಮಾಡುವಂಥದ್ದೇನೂ ಇಲ್ಲ, ಬೇಗ ತೋರಿಸಿದರೆ ಎಲ್ಲ ಸರಿಹೋಗುತ್ತದೆ, ಖಂಡಿತ ಸರಿಹೋಗುತ್ತದೆ. ಅಮ್ಮನಿಗೂ ಹಾಗೇ ಹೇಳಿ. ಡಾಕ್ಟರು ಏನಂದರು ಅಂತ ಅದೇ ದಿನ ಫೋನ್ ಮಾಡಿ, ನನಗೆ ಎಷ್ಟು ಹೊತ್ತಾಗಿದ್ದರೂ ಸರಿ. ಅಂಚೆಗೆ ಹಾಕುವ ಹೊತ್ತಾಯಿತು, ಉಳಿದದ್ದು ಮುಂದಿನ ಕಾಗದದಲ್ಲಿ.

ಇಂತಿ ನಿಮ್ಮ ಮಗಳು