ಶನಿವಾರದ ಪ್ರಾಜೆಕ್ಟ್ ಪ್ರದರ್ಶನ, ದಯವಿಟ್ಟು ಪೂರ್ತಿ ಓದಿ

ಎಲ್ರಿಗೂ ನಮಸ್ಕಾರ, 11, 12ನೇ ಕ್ಲಾಸ್ ಮಕ್ಕಳ ಡಿಸೈನ್ ಮತ್ತೆ ಟೆಕ್ನಾಲಜಿ ಪ್ರಾಜೆಕ್ಟ್ ಪ್ರದರ್ಶನ ಈ ಶನಿವಾರ ಬೆಳಿಗ್ಗೆ 10ಕ್ಕೆ, ಪ್ರಾಜೆಕ್ಟ್ ಇಡೋರು 9ಕ್ಕೇ ಬಂದು ಟೇಬಲ್ ರೆಡಿ ಮಾಡ್ಕೊಳ್ಳಿ. ಮಾಡೆಲ್ ಜೊತೆ ಸ್ಕೆಚ್ ಬುಕ್ಕು, ಕೆಲ್ಸ ಮಾಡ್ದೆ ಕೈಕೊಟ್ಟ ಹಳೇ ಪ್ರೋಟೋಟೈಪೂ ತನ್ನಿ (ನಂಗಂತೂ ಅದನ್ನ ನೋಡೋದೇ ಇಷ್ಟ).

ಅಡ್ಡ ಏನಾದ್ರೂ ಬಂದ್ರೆ ಬೀಪ್ ಅನ್ನೋ ಕೋಲು ಮಾಡಿರೋರೇ, ಅಲ್ಟ್ರಾಸಾನಿಕ್ ಸೆನ್ಸರ್ (ಕಿವಿಗೆ ಕೇಳದ ಶಬ್ದ ಬಿಟ್ಟು ಅದರ ಪ್ರತಿಧ್ವನಿಯಿಂದ ದೂರ ಅಳೆಯೋದು) ಮುಂದೆ ಬಟ್ಟೆ, ಸ್ಪಾಂಜ್ ಹಿಡಿದ್ರೆ ಶಬ್ದ ಹೀರ್ಕೊಂಡ್ಬಿಡುತ್ತೆ, ಡೆಮೋಗೆ ಒಂದು ಹಲಗೆ ಇಟ್ಕೊಳ್ಳಿ. ಆರ್ಡುಯಿನೋದಲ್ಲಿ (ಪ್ರೋಗ್ರಾಂ ಹಾಕೋ ಪುಟ್ಟ ಸರ್ಕ್ಯೂಟ್ ಬೋರ್ಡು) ಮೋಟಾರ್ ಓಡ್ಸೋರು ಪಿನ್‌ನಿಂದ ನೇರ ಕರೆಂಟ್ ಎಳೀಬೇಡಿ, ಮೋಟಾರ್ ಡ್ರೈವರ್ (ಮೋಟಾರ್‌ಗೆ ಬೇಕಾದಷ್ಟು ಕರೆಂಟ್ ಕೊಡೋ ಸರ್ಕ್ಯೂಟ್) ಹಾಕಿ ಅದಕ್ಕೆ ಬೇರೆ ಬ್ಯಾಟರಿ ಕೊಡಿ, ಗ್ರೌಂಡ್ (ಮೈನಸ್ ತಂತಿ) ಮಾತ್ರ ಎರಡಕ್ಕೂ ಒಂದೇ ಇರ್ಲಿ.

ಪ್ಲಗ್ ಪಾಯಿಂಟ್ ಬೇಕಾದೋರು ಪ್ರಾಜೆಕ್ಟ್ ಹೆಸ್ರು ಸಮೇತ ಗುರುವಾರ ರಾತ್ರಿಯೊಳ್ಗೆ ಇಲ್ಲೇ ಮೆಸೇಜ್ ಹಾಕಿ, ಬರೀ ಥಂಬ್ಸ್ ಅಪ್ ಒತ್ತಿದ್ರೆ ಯಾರಿಗೆ ಏನ್ ಬೇಕು ಅಂತ ಗೊತ್ತಾಗಲ್ಲ.