ನೆಲದೊಳಗಿಂದ ಹೊಗೆ ಬಂದ ಊರು

ಹೇಸ್, ಕ್ಯಾನ್ಸಸ್
ಅಕ್ಟೋಬರ್ 12

ತೀರ್ಥರೂಪ ಅಪ್ಪನವರಿಗೆ ಮತ್ತು ಅವ್ವನಿಗೆ ನಮಸ್ಕಾರಗಳು.

ನಾನು ಆರಾಮ ಇದ್ದೇನೆ. ಹೋದ ಸಲ ಫೋನಿನಲ್ಲಿ "ಅಲ್ಲೂ ನಮ್ಮಂಥ ಹಳ್ಳಿ ಇರ್ತಾವೇನು?" ಎಂದು ಕೇಳಿದ್ದಿರಿ. ಶನಿವಾರ ನಿಕೋಡೀಮಸ್ ಎಂಬ ಊರಿಗೆ ಹೋಗಿ ಬಂದೆ. ಅದನ್ನು ಕುಂತು ಬರೆಯಬೇಕು ಅನ್ನಿಸಿತು.

ಇಲ್ಲಿಂದ ಕಾರಿನಲ್ಲಿ ಒಂದು ತಾಸಿನ ದಾರಿ. ನಮ್ಮ ರೋಣದ ಎರೆ ಹೊಲದಂಥದೇ ಬಯಲು. ಮಳೆಯೂ ಹೆಚ್ಚು ಕಡಿಮೆ ನಮ್ಮ ಕಡೆಯಷ್ಟೇ. ಗಿಡಮರ ಕಾಣುವುದು ಸಾಲೊಮನ್ ನದಿಯ ದಂಡೆಗೆ ಮಾತ್ರ. ಅಪ್ಪ, ದಾರಿಯ ಎರಡೂ ಕಡೆ ಜೋಳ! ಸೊಂಟದೆತ್ತರದ ಗಿಡ, ಇಟ್ಟಿಗೆ ಬಣ್ಣದ ತೆನೆ. ಇಲ್ಲಿಯವರು ಮೈಲೋ ಅನ್ನುತ್ತಾರೆ. ಜಾಸ್ತಿ ಪಾಲು ದನಗಳಿಗೆ ಮತ್ತು ಎಥನಾಲ್‌ಗೆ ಹೋಗುತ್ತದೆ. ನಿಮ್ಮನ್ನು ಅಲ್ಲಿ ನಿಲ್ಲಿಸಿ ತೋರಿಸಬೇಕಿತ್ತು.

ಈ ಊರು ಕಟ್ಟಿದವರು ಕರಿಯ ಜನ. ಅಮೆರಿಕದಲ್ಲಿ ಗುಲಾಮಗಿರಿ ಮುಗಿದದ್ದು 1865ರಲ್ಲಿ. ಹನ್ನೆರಡು ವರ್ಷಕ್ಕೆ, 1877ರಲ್ಲಿ, ಕೆಂಟಕಿಯಿಂದ ಸುಮಾರು 300 ಮಂದಿ ಸ್ವಂತ ಭೂಮಿಯ ಆಸೆಗೆ ಇಲ್ಲಿಗೆ ಬಂದರು. ಐದು ವರ್ಷ ಉಳುಮೆ ಮಾಡಿ ಅಲ್ಲೇ ಇದ್ದರೆ ಸರ್ಕಾರದಿಂದ 160 ಎಕರೆ. ಆದರೆ ಬಂದು ನೋಡಿದರೆ ಮನೆ ಕಟ್ಟಲು ಒಂದು ತೊಲೆಯೂ ಇಲ್ಲ. ನೆಲ ಅಗೆದು ಅದರೊಳಗೇ ಸಂಸಾರ ಹೂಡಿದರು. ಒಲೆಗೆ ಸೂರ್ಯಕಾಂತಿ ದಂಟು, ಕುಳ್ಳು. ಮೊದಲ ಚಳಿಗಾಲದಲ್ಲಿ ಬೇಟೆಯಿಂದ ವಾಪಸಾಗುತ್ತಿದ್ದ ಓಸೇಜ್ ಬುಡಕಟ್ಟಿನವರು ತಮ್ಮ ಆಹಾರ ಹಂಚಿಕೊಂಡರಂತೆ. ಎತ್ತು, ಕುದುರೆ ಇದ್ದವರು ಕೆಲವರೇ. ಉಳಿದವರು ಗುದ್ದಲಿಯಿಂದಲೇ ನೆಲ ಹದ ಮಾಡಿದರು.

ವಿಲಿಯಾನಾ ಹಿಕ್ಮನ್ ಎಂಬ ಹೆಣ್ಣುಮಗಳ ನೆನಪು ಓದಿ ನನಗೆ ಕಣ್ಣು ತುಂಬಿತು. ಅವರು ಬಂದದ್ದು 1878ರಲ್ಲಿ. ರೈಲಿನಲ್ಲಿ ಬಂದು ಎಲಿಸ್ ಎಂಬ ಊರಲ್ಲಿ ಇಳಿದರು. ಅಲ್ಲಿ ಜನರಿಗೆ ದಡಾರ ಹತ್ತಿ ಕೆಲವು ಮಕ್ಕಳು ತೀರಿಹೋದವು. ಅಲ್ಲಿಂದ ಸುಮಾರು 55 ಕಿಲೋಮೀಟರ್ ಬಯಲು ದಾರಿ. ಗಂಡಸರು "ಊರು ಬಂತು" ಎಂದು ಕೂಗಿದಾಗ ಆಕೆ ಹಿಗ್ಗಿ ನೋಡಿದರೆ ಊರೇ ಕಾಣಲಿಲ್ಲ. ಗಂಡ ನೆಲದಿಂದ ಏಳುತ್ತಿದ್ದ ಹೊಗೆಯನ್ನು ತೋರಿಸಿ, ಅದೇ ಊರು ಎಂದ. ಆಕೆ ಅತ್ತೇಬಿಟ್ಟರು. ಆದರೂ ಆ ಸೀಮೆಯಲ್ಲೇ ಬಹಳ ವರ್ಷ ಬಾಳಿದರು.

ಮುಂದೆ ಊರು ಬೆಳೆಯಿತು. ಅಂಗಡಿ, ಶಾಲೆ, ಚರ್ಚು ಎಲ್ಲ ಬಂದವು. ರೈಲು ತಮ್ಮೂರ ಮೇಲೆ ಹಾಯಲಿ ಎಂದು 16,000 ಡಾಲರ್ ಬಾಂಡು, ಅಂದರೆ ಸಾಲಪತ್ರ, ಹೊರಡಿಸಲೂ ಒಪ್ಪಿದರು. ಆದರೆ 1888ರಲ್ಲಿ ಹಳಿ ಬಿದ್ದದ್ದು ನದಿಯ ಆಚೆ. ವ್ಯಾಪಾರಸ್ಥರು ಕೆಲವರು ಕಟ್ಟಡಗಳನ್ನೇ ಎಳೆದುಕೊಂಡು ಆಚೆ ಹೋದರು. 1930ರ ದಶಕದ ಬರ, ಧೂಳಿಗೆ ಇನ್ನಷ್ಟು ಮಂದಿ ಬಿಟ್ಟುಹೋದರು. 1953ರಲ್ಲಿ ಅಂಚೆ ಕಚೇರಿಯೂ ಮುಚ್ಚಿತು.

ಈಗ ಅಲ್ಲಿರುವವರು ಬೆರಳೆಣಿಕೆಯ ಜನ. ಹಳೆಯ ಕಟ್ಟಡ ಐದು ಉಳಿದಿವೆ. 1996ರಿಂದ ಅದು ರಾಷ್ಟ್ರೀಯ ಐತಿಹಾಸಿಕ ತಾಣ. ಆದರೆ ನನಗೆ ಹಿಡಿಸಿದ್ದು ಬೇರೆ. ಪ್ರತಿ ವರ್ಷ ಜುಲೈ ಕೊನೆಗೆ ಎಲ್ಲೆಲ್ಲೋ ಇರುವ ಅವರ ಮೊಮ್ಮಕ್ಕಳು, ಮರಿಮಕ್ಕಳು ಈ ಊರಿಗೆ ಬರುತ್ತಾರೆ. ನಮ್ಮೂರ ಜಾತ್ರೆಗೆ ಪುಣೆ, ಗೋವಾದಿಂದ ಎಲ್ಲರೂ ಬರ್ತಾರಲ್ವಾ, ಹಾಗೆ. ಮುಂದಿನ ಜುಲೈಗೆ ನಾನೂ ಹೋಗಿ ಒಂದು ಕಡೆ ಸುಮ್ನೆ ನಿಂತು ನೋಡುತ್ತೇನೆ.

ಹಿಂಗಾರಿ ಬಿತ್ತನೆ ಮುಗಿಯಿತೇ? ಈ ಸಲ ಬಿಳಿಜೋಳ ಎಷ್ಟು ಎಕರೆ ಹಾಕಿದಿರಿ, ಬರೆಯಿರಿ.

ನಿಮ್ಮ ಮಗಳು